ಬಂದೂಕಿನ ಮೈಮೇಲಿನ ಅಕ್ಷರ

ಎಕಂಬಾ ಕಡೆ ಹಳೆಯ ಬಂದೂಕು ಕಂಡರೆ ಹಿರಿಯರು ಹೇಳುವುದು ಒಂದೇ ಮಾತು: "ರಜಾಕಾರರದು." ನನ್ನ ಮುತ್ಯಾ ಇನ್ನೊಂದು ಹೆಜ್ಜೆ ಮುಂದೆ. "ಕಾಟನ್ ಸಾಹೇಬ ಇಮಾನದಾಗ ತಂದದ್ದು" ಅನ್ನುವರು. ಇದು ಬರೀ ಕಟ್ಟುಕತೆಯಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿಗ 1948ರಲ್ಲಿ ಕರಾಚಿಯಿಂದ ರಾತ್ರಿ ಹೊತ್ತು ನಿಜಾಮರಿಗೆ ಶಸ್ತ್ರ ಸಾಗಿಸಿದ್ದ. ಆ ವಿಮಾನಗಳು ಇಳಿಯುತ್ತಿದ್ದ ಜಾಗಗಳಲ್ಲಿ ನಮ್ಮ ಬೀದರವೂ ಒಂದು.

ಕೆಲವು ವರ್ಷಗಳ ಹಿಂದೆ, ಸೋದರಮಾವ ಹವಾಲ್ದಾರರಾಗಿದ್ದ ಠಾಣೆಯ ಆಯುಧಪೂಜೆಗೆ ಮುತ್ಯಾನ ಜೊತೆ ಹೋಗಿದ್ದೆ. ಚೆಂಡುಹೂವು ಮುಡಿದು ನಿಂತ ಸಾಲಿನಲ್ಲಿ ತೀರ ಹಳೆಯದೊಂದಿತ್ತು. ಮುತ್ಯಾ ಅದೇ ಮಾತು ಹೇಳಿದರು. ಮಾವ ನಕ್ಕರು. ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು ಬಂದೂಕು ಎತ್ತಿದರು. ಬೋಲ್ಟಿನ ಹಿಡಿಕೆಯ ಹಿಂದೆ, ಕಟ್ಟಿಗೆ ಸೇರುವಲ್ಲಿ ಉಕ್ಕಿನ ಪಟ್ಟಿ ಇರುತ್ತದೆ. ಬಂದೂಕಿನ ಜಾತಕ ಅಲ್ಲೇ. ಕುಂಕುಮ ಒರೆಸಿ ಟಾರ್ಚ್ ಬಿಟ್ಟರೆ ಮೊದಲು ಕಿರೀಟ ಕಂಡಿತು, ಅದರ ಕೆಳಗೆ ಜಿ.ಆರ್.ಐ., ಆಮೇಲೆ ಆರ್.ಎಫ್.ಐ., 1943.

ಜಿ.ಆರ್. ಎಂದರೆ ಜಾರ್ಜ್ ದೊರೆ. ಕೊನೆಯ 'ಐ' ಚಕ್ರವರ್ತಿ ಎಂಬುದಕ್ಕೆ. ಅದು ಭಾರತದಲ್ಲಿ ತಯಾರಾದವುಗಳ ಗುರುತು. ಇಂಗ್ಲೆಂಡಿನದಾದರೆ ಎನ್‌ಫೀಲ್ಡ್ ಅಥವಾ ಬಿ.ಎಸ್.ಎ., ಆಸ್ಟ್ರೇಲಿಯಾದ್ದಾದರೆ ಲಿತ್‌ಗೋ ಎಂದಿರುತ್ತದೆ. ಆರ್.ಎಫ್.ಐ. ಎಂದರೆ ಕಲ್ಕತ್ತಾ ಹತ್ತಿರದ ಇಶಾಪುರದ ಕಾರ್ಖಾನೆ. ಸ್ವಾತಂತ್ರ್ಯದ ನಂತರ ಅಲ್ಲಿ ಕಿರೀಟ ಹೋಗಿ ಅಶೋಕನ ಸಿಂಹಗಳು ಬಂದವು.

ಮಾವ ಬೋಲ್ಟ್ ತೆಗೆದು ನಳಿಗೆಯೊಳಗೆ ಹಿಂದಿನಿಂದ ನೋಡಲು ಕೊಟ್ಟರು. ರೈಫಲ್ಲಿಗೆ ಆ ಹೆಸರು ಬಂದದ್ದೇ ಒಳಗಿನ ಸುರುಳಿ ಗೀರುಗಳಿಂದ. ಇದರೊಳಗೆ ಗೀರೇ ಇಲ್ಲ, ಕನ್ನಡಿಯಂತೆ ನುಣುಪು! ಸೈನ್ಯದ .303 ಬಂದೂಕನ್ನು ಕೊರೆದು ಪೊಲೀಸರಿಗಾಗಿ ಮಾಡಿದ .410 ಮಸ್ಕೆಟ್ಟು ಅದು. ಸೈನ್ಯದ ಗುಂಡು ಇದಕ್ಕೆ ಹೊಂದುವುದಿಲ್ಲ. ಇಂಥ ಎಷ್ಟೋ ಮಸ್ಕೆಟ್ಟುಗಳ ಮ್ಯಾಗಜೀನಿನಲ್ಲಿ ಮರದ ತುಂಡು ತುರುಕಿರುತ್ತಿದ್ದರು, ಒಂದು ಸಲಕ್ಕೆ ಒಂದೇ ಗುಂಡು. ತನ್ನ ಪೊಲೀಸರ ಮೇಲೆ ಆ ಸರ್ಕಾರಕ್ಕಿದ್ದ ನಂಬಿಕೆ ಅಷ್ಟೇ.

"ಮುತ್ಯಾ, ಇದು ಇಶಾಪುರದ್ದು. ಕರಾಚಿದಲ್ಲ" ಅಂದೆ.

"ಇರಲಿ. ಇಮಾನದ ಸಪ್ಪಳ ಮಾತ್ರ ನಾ ಕೇಳೀನಿ" ಅಂದರು.

ಆಗ ಅವರಿಗೆ ಹತ್ತೋ ಹನ್ನೊಂದೋ. ರಜಾಕಾರರ ಭಯಕ್ಕೆ ಮನೆಮಂದಿ ರಾತ್ರೋರಾತ್ರಿ ಊರು ಬಿಟ್ಟಿದ್ದರಂತೆ. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು, 17ಕ್ಕೆ ನಿಜಾಮರು ಶರಣಾದರು. ಇವರು ಮರಳಿದಾಗ ಜೊತೆಗೆ ಗೋಲಿ ಆಡುತ್ತಿದ್ದ ಪಕ್ಕದ ಓಣಿಯ ಹುಸೇನನ ಮನೆ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಇದನ್ನು ಮುತ್ಯಾ ಹೇಳಿದ್ದು ಅವತ್ತೇ ಮೊದಲು.

ಮಾವ ಬೋಲ್ಟ್ ಸೇರಿಸಿ ಬಂದೂಕನ್ನು ಸಾಲಿನಲ್ಲಿಟ್ಟರು. ಮುತ್ಯಾ ಕನ್ನಡಕ ಸರಿಪಡಿಸಿಕೊಂಡು ಉಕ್ಕಿನ ಪಟ್ಟಿಯ ಹತ್ತಿರ ಬಾಗಿದರು.

"ಎಲ್ಲಿ ಮಾಡ್ಯಾರಂತ ಬರದಾರ. ಯಾರ ಮ್ಯಾಲ ಹೊಡದಾರಂತ ಬರದಾರೇನು?"

"ಇಲ್ಲ ಮುತ್ಯಾ."

ಹೂವು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಕೂತರು.