ರೊಪ್ಪದ ಕಂಡಿಯಲ್ಲಿ ಎಣಿಸಿದ್ದು

ಅಪ್ಪನ ಕುರಿಲೆಕ್ಕ ಒಂದು ಉಣ್ಣೆ ಹುರಿಯಲ್ಲಿತ್ತು. ಚಳ್ಳಕೆರೆ ಸೀಮೆಯ ನಮ್ಮ ಹಟ್ಟಿಯಲ್ಲಿ ಹೊತ್ತು ಮುಳುಗುವಾಗ ಕುರಿಗಳು ರೊಪ್ಪದ ಕಂಡಿಯಲ್ಲಿ ಒಂದೊಂದಾಗಿ ನುಗ್ಗುತ್ತಿದ್ದವು. ಅಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಇಪ್ಪತ್ತಾದಾಗಲೆಲ್ಲ ಎಡಗೈಯ ಒಂದು ಹರಳನ್ನು ಬಲಗೈಗೆ ಹಾಕಿಕೊಳ್ಳುತ್ತಿದ್ದ. ಏಳು ಹರಳು, ಮೇಲೆ ನಾಲ್ಕು ಅಂದರೆ ನೂರಾ ನಲವತ್ತನಾಲ್ಕು. ಕುರಿ ಈದರೆ ಹುರಿಗೆ ಒಂದು ಗಂಟು, ಸತ್ತರೆ ಜೋಡುಗಂಟು, ಸಂತೆಗೆ ಹೋದರೆ ಗಂಟಿನೊಳಗೆ ಒಂದು ಎಳೆ ಕೆಂಪು ನೂಲು. ಹಸಿ ಹಿಕ್ಕೆ, ಉಣ್ಣೆಯ ಜಿಡ್ಡು, ಲಾಟೀನಿನ ಸೀಮೆಎಣ್ಣೆ ಮೂರೂ ಕಲೆತ ವಾಸನೆ ಅದು. ಲೆಕ್ಕ ಮುಗಿಯುವವರೆಗೆ ಅವ್ವ ಮುದ್ದೆಗೆ ಎಸರಿಡುತ್ತಿರಲಿಲ್ಲ.

ಭತ್ತದ ಕೊಯ್ಲಾದ ಮೇಲೆ ಮಂದೆ ದಾವಣಗೆರೆ ಕಡೆಯ ಭದ್ರಾ ಕಾಲುವೆ ಬಯಲಿಗೆ ಇಳಿಯುತ್ತಿತ್ತು. ಗದ್ದೆಯಲ್ಲಿ ಒಂದು ರಾತ್ರಿ ಕುರಿ ತರುಬಿದರೆ ಗೌಡರ ಮನೆಯಿಂದ ಎರಡು ಬಳ್ಳ ಭತ್ತ, ಎಲೆ ಅಡಿಕೆ, ಅಪ್ಪನಿಗೆ ಒಂದು ಕಟ್ಟು ಬೀಡಿ ಸಿಗುತ್ತಿತ್ತು. ಯಾರ ಗದ್ದೆಯಲ್ಲಿ ಎಷ್ಟು ರಾತ್ರಿ, ಯಾರು ಬಾಕಿ, ಯಾವ ಹಳ್ಳದ ನೀರು ಕುಡಿದು ಯಾವ ವರ್ಷ ಮರಿಗಳಿಗೆ ಭೇದಿಯಾಯಿತು, ಇದಕ್ಕೆಲ್ಲ ಹುರಿಯಲ್ಲಿ ಜಾಗವಿರಲಿಲ್ಲ. ಅವು ಅಪ್ಪನ ತಲೆಯಲ್ಲಿದ್ದವು.

1968ರಲ್ಲಿ ನನಗೆ ಹನ್ನೆರಡು ವರ್ಷ. ಅಕ್ಷರ ಕಲಿತ ಹುರುಪಿನಲ್ಲಿ ಸಂತೆಯಿಂದ 15 ಪೈಸೆಗೆ ಒಂದು ಪುಸ್ತಕ ತಂದು, ರಟ್ಟಿನ ಮೇಲೆ ‘ಕುರಿ ದಿನಚರಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಏಳು ದಿನ ತಪ್ಪದೆ ಬರೆದೆ. ಆಮೇಲೆ ಹನ್ನೊಂದು ದಿನ ಅದು ನೆಲುವಿನ ಮೇಲಿತ್ತು. ಹನ್ನೆರಡನೆಯ ದಿನ ನಾಚಿಕೆಯಾಗಿ, ಅಷ್ಟೂ ದಿನಗಳನ್ನು ಒಂದೇ ಸಲ ಕೂತು ತುಂಬಿಬಿಟ್ಟೆ. ಅಪ್ಪ ಓದಿಸಿ ಕೇಳಿದ. ನಡುವೆ ಕೈಯೆತ್ತಿ, “ಅವತ್ತು ಮಳೆ ಹಿಡ್ಕಂಡಿತ್ತು ಕಣೋ, ಕುರಿ ರೊಪ್ಪ ಬಿಟ್ಟೇ ಇಲ್ಲ. ನೀನು ಕೆರೆ ಹಿಂದೆ ಎಲ್ಲಿ ಮೇಯಿಸ್ದೆ?” ಅಂದ. ಬೈಯಲಿಲ್ಲ. ಆದರೆ ಆ ಪುಸ್ತಕವನ್ನು ಮತ್ತೆಂದೂ ಓದಿಸಲಿಲ್ಲ.

ಮರುವರ್ಷ ಮುಂಗಾರಿನ ಮೊದಲ ಮಳೆಗೆ ಕಾವಲಿನಲ್ಲಿ ಎಳೆಗರಿಕೆ ಚಿಗುರಿತು. ಒಂದೇ ರಾತ್ರಿ ಎಂಟು ಮರಿಗಳು ಸತ್ತವು, ಅದೂ ಕೊಬ್ಬಿದ, ಚೆಂದದ ಮರಿಗಳೇ. ಸೈಕಲ್ಲಿನಲ್ಲಿ ಬಂದ ದನದ ಡಾಕ್ಟರು ಕರುಳುಬೇನೆ ಅಂದರು. ಚಿಗುರುಹುಲ್ಲನ್ನು ಹೊಟ್ಟೆ ಬಿರಿಯ ಮೇಯ್ದ ಮರಿಗಳ ಕರುಳಿನಲ್ಲಿ ವಿಷ ಹುಟ್ಟುತ್ತದೆ, ಮಳೆಗೆ ಮುಂಚೆಯೇ ಲಸಿಕೆ ಹಾಕಿಸಬೇಕು ಎಂದರು. ಎಲ್ಲಿ ಮೇಯಿಸಿದಿರಿ, ಎಷ್ಟು ದಿನದಿಂದ ಎಂದು ಕೇಳಿದಾಗ ನಾನು ಓಡಿಹೋಗಿ ಪುಸ್ತಕ ತಂದೆ. ಆ ದಿನಗಳ ಎದುರು ‘ಕುರಿ ಮೇಯ್ದವು’ ಎಂದಷ್ಟೇ ಇತ್ತು.

ಅಪ್ಪ ಹೋದ ಮೇಲೆ ಹುರಿಯನ್ನು ಬಿಚ್ಚಿ ಚಾಪೆಯ ಮೇಲೆ ಹಾಸಿದೆವು. ನುಸಿ ತಿಂದಿತ್ತು. ಗಂಟುಗಳಿದ್ದವು, ಕೆಂಪು ನೂಲಿತ್ತು, ಓದುವವರಿರಲಿಲ್ಲ. ಅದಾಗಿ ಕೆಲ ವರ್ಷಕ್ಕೆ ನಾವು ಕುರಿ ಮೇಯಿಸುತ್ತಿದ್ದ ನಮ್ಮ ಸೀಮೆಯ ಅಮೃತಮಹಲ್ ಕಾವಲುಗಳ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾಯಿತು, ಗೋಡೆ ಎದ್ದಿತು. ಇಲ್ಲಿ ಎಷ್ಟು ಕಾಲದಿಂದ ಮೇಯಿಸುತ್ತಿದ್ದೀರಿ, ಏನು ದಾಖಲೆ ಎಂಬ ಪ್ರಶ್ನೆ ಬಂದಾಗ ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಹಂಗಾಮಿನ ಮೇವಿನ ಹಕ್ಕನ್ನು ಕಾಡಿನ ಮಟ್ಟಿಗೆ ಒಪ್ಪಿದೆ. ಹಿರಿಯರ ಹೇಳಿಕೆಯನ್ನೂ ಅದರ ನಿಯಮಗಳು ಪುರಾವೆ ಎನ್ನುತ್ತವೆ. ಹಾಗೆ ಹೇಳಬಲ್ಲ ಹಿರಿಯರು ನಮ್ಮಲ್ಲಿ ಒಬ್ಬೊಬ್ಬರಾಗಿ ಮುಗಿಯುತ್ತಿದ್ದರು.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಕುರಿಗಾಹಿಗಳಿಗೆ ಮೊಬೈಲಿನ ಆ್ಯಪಿನಲ್ಲಿ ಲೆಕ್ಕ ಇಡುವುದನ್ನು ಕಲಿಸಲು ನನಗೆ ಕರೆ ಬಂತು. ಮೊದಲ ತರಬೇತಿ ಪಟ್ಟಣದ ಸಭಾಂಗಣದಲ್ಲಿ, ಬೆಳಗ್ಗೆ ಹನ್ನೊಂದಕ್ಕೆ. ಪರದೆಯ ಮೇಲೆ ಇಂಗ್ಲಿಷಿನ ಇಪ್ಪತ್ತಮೂರು ಪ್ರಶ್ನೆಗಳಿದ್ದವು. ಚಿತ್ರಾನ್ನ ಉಂಡು ಎಲ್ಲರೂ ಎದ್ದರು, ಕುರಿ ಕಾಯುತ್ತಿದ್ದವಲ್ಲ. ತಿಂಗಳಾದ ಮೇಲೆ ನೋಡಿದರೆ ಹದಿನೆಂಟು ಮಂದಿಯಲ್ಲಿ ನಾಲ್ವರು ಬರೆದಿದ್ದರು, ನಾಲ್ವರೂ ಮೂವತ್ತು ದಿನದ್ದನ್ನು ಒಂದೇ ದಿನ ತುಂಬಿದ್ದರು. ನನ್ನ 15 ಪೈಸೆಯ ಪುಸ್ತಕ ನೆನಪಾಯಿತು.

ಆಮೇಲೆ ನಾನು ಹಟ್ಟಿಗೇ ಹೋದೆ, ಕುರಿ ಬರುವ ಹೊತ್ತಿಗೆ. ಕಂಡಿಯಲ್ಲಿ ಎಣಿಸುವುದನ್ನು ಯಾರೂ ಬಿಟ್ಟಿರಲಿಲ್ಲ. ಎಣಿಕೆ ಮುಗಿದ ಕೂಡಲೆ ನಾಲ್ಕೇ ಮಾತು ಸಾಕೆಂದೆ: ಎಷ್ಟು, ಎಲ್ಲಿ ಮೇಯ್ದವು, ಏನು ಮೇಯ್ದವು, ಈದದ್ದು–ಬೇನೆ–ಸಾವು ಏನಾದರೂ ಉಂಟೋ. ಬರೆಯಲು ಬಾರದವರು ಮಾತಾಡಿದರೂ ಫೋನು ಹಿಡಿದಿಡುತ್ತಿತ್ತು. ಸಿಗ್ನಲ್ಲು ಸಂತೆಗೆ ಹೋದಾಗ ಸಿಕ್ಕಿದರೂ ಸಾಕಿತ್ತು. ತೊಡಕು ಬಂದದ್ದು ಹೆಸರಿನಲ್ಲಿ. ಒಂದೇ ಹಳ್ಳವನ್ನು ಒಬ್ಬ ಕರಿಹಳ್ಳ ಅಂದ, ಇನ್ನೊಬ್ಬ ಹಂಚಿಕಡ್ಡಿ ಹಳ್ಳ ಅಂದ, ಮತ್ತೊಬ್ಬ ಮೋಟಪ್ಪನ ಗುಂಡಿ ಅಂದ. ಹೀಗಾದರೆ ಹಳ್ಳ ಮೂರಾಗುತ್ತದೆ. ಮೂರು ಸಂಜೆ ಕೂತು ಒಂದೊಂದು ಜಾಗಕ್ಕೂ ಒಂದೊಂದು ಹೆಸರು ಗಟ್ಟಿ ಮಾಡಿದೆವು. ಆ್ಯಪಿನಲ್ಲಿ ಬರೀ ‘ಹುಲ್ಲು’ ಎಂದಿದ್ದ ಕಡೆ ಗರಿಕೆ, ಕರಡ, ಜಾಲಿಕಾಯಿ, ಬಾರೆಸೊಪ್ಪು ಬಂದವು.

ಫೋನು ಹುಡುಗರ ಕೈಯಲ್ಲಿತ್ತು, ತಿಳಿವಳಿಕೆ ಹೆಂಗಸರಲ್ಲಿತ್ತು. ಮರಿಗೂಡು ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕಿ, ಯಾವ ಕುರಿ ಯಾವಾಗ ಈದಿತು, ಯಾವುದಕ್ಕೆ ಹಾಲು ಸಾಲದು ಎಂದು ಒಂದೇ ಉಸಿರಿಗೆ ಹೇಳಿದಳು. ಅವಳ ಮೊಮ್ಮಗ ಅದನ್ನೆಲ್ಲ ತುಂಬಿಕೊಂಡ. ಕುರಿಯ ಗಬ್ಬ ಸುಮಾರು ಐದು ತಿಂಗಳು. ಹಿಂದಕ್ಕೆ ಎಣಿಸಿದಾಗ ಟಗರು ಬಿಟ್ಟ ದಿನವೂ ಅಂದಾಜಿಗೆ ಸಿಕ್ಕಿತು. ಮುದುಕಿ ಫೋನನ್ನು ಇಸಿದುಕೊಂಡು ಸೆರಗಿನಿಂದ ಒರೆಸಿ ಕೊಟ್ಟಳು.

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಕುರಿಗಳಿದ್ದವು. 2024ರ ಅಕ್ಟೋಬರಿನಲ್ಲಿ ಶುರುವಾದ ಗಣತಿಯಲ್ಲಿ ಮೊದಲ ಬಾರಿಗೆ ಪಶುಪಾಲಕರನ್ನೂ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡರು. ಆ ವೇಳೆಗೆ ನಮ್ಮ ಹಟ್ಟಿಯ ಹುಡುಗರ ಬಳಿ ಎರಡು ಮುಂಗಾರಿನ ಲೆಕ್ಕವಿತ್ತು. ಚಿಗುರು ಯಾವ ಮೂಲೆಯಲ್ಲಿ ಮೊದಲು ಏಳುತ್ತದೆಂದು ನೋಡಿ, ಮಳೆಗೆ ಮುಂಚೆಯೇ ಮರಿಗಳಿಗೆ ಸೂಜಿ ಹಾಕಿಸಿದ್ದರು.

ಹೋದ ಬೇಸಿಗೆ ಆ ಮುದುಕಿಯ ಮೊಮ್ಮಗ ತನ್ನ ಲೆಕ್ಕ ತೋರಿಸಿದ. ನಡುವೆ ಎರಡು ದಿನ ಖಾಲಿ ಇದ್ದವು. ಏಕೆಂದು ಕೇಳಿದೆ. “ಅಜ್ಜಿಗೆ ಜ್ವರ ಅಂತ ಆಸ್ಪತ್ರೆಗೆ ಹೋಗಿದ್ದೆ ಮೇಷ್ಟ್ರೇ, ನಾನು ಎಣಿಸಿಲ್ಲ” ಅಂದ. ನಾನು ಆ ಎರಡು ಖಾಲಿ ಮನೆಗಳನ್ನು ತುಸು ಹೊತ್ತು ನೋಡಿದೆ. ಅಷ್ಟರಲ್ಲಿ ಕುರಿಗಳು ಕಂಡಿಗೆ ಬಂದವು, ಅವನು ಎದ್ದು ಹೋಗಿ ಎಣಿಸತೊಡಗಿದ.