ಒಂದು ಲೆಕ್ಕದ ವಹಿ

ಈ ಸಂಚಿಕೆಗೆ ನಮ್ಮ ಶಾಲೆಯ ಧರ್ಮಕಾರ್ಯಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡರು. ಕೊಟ್ಟದ್ದರ ಪಟ್ಟಿಯನ್ನು ಬರೆಯುವದು ಸುಲಭ. ಕೊಟ್ಟ ಮೇಲೆ ಏನಾಯಿತೆಂಬುದನ್ನು ಹೇಳುವದು ಹೆಚ್ಚು ಪ್ರಯೋಜನಕರವೆಂದು ತೋರಿದ್ದರಿಂದ, ನಮಗೆ ಅಷ್ಟೇನೂ ಕೀರ್ತಿ ತಾರದ ಒಂದು ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

2021ನೆಯ ಇಸವಿಯ ಮೇ ತಿಂಗಳಲ್ಲಿ, ಕೋವಿಡ್ ರೋಗದ ಎರಡನೆಯ ಅಲೆಯು ಓಣಿ ಓಣಿಗಳನ್ನು ಹೊಕ್ಕಿದ್ದಾಗ, ನಮ್ಮ ಹತ್ತನೆಯ ಇಯತ್ತೆಯ ಒಬ್ಬ ವಿದ್ಯಾರ್ಥಿನಿಯ ತಾಯಿಯವರು ತೀರಿಕೊಂಡರು. ನೇಕಾರರಾಗಿದ್ದ ತಂದೆಯವರು ಮೂರು ವರುಷ ಮೊದಲೇ ಗತಿಸಿದ್ದರು. ಹದಿನಾರು ವರುಷದ ಆ ಹುಡುಗಿಯ ಕೈಯಲ್ಲಿ ಹನ್ನೊಂದು ವರುಷದ ತಮ್ಮನೂ ಏಳು ವರುಷದ ತಂಗಿಯೂ ಉಳಿದರು. ಅದೇ ತಿಂಗಳ ಕೊನೆಗೆ ರಾಜ್ಯ ಸರಕಾರವು ಆ ರೋಗದಿಂದ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲಸೇವಾ ಯೋಜನೆಯನ್ನು ಸಾರಿತು. ಆದರೆ ಪರೀಕ್ಷೆಯಾಗುವ ಮೊದಲೇ ತಾಯಿಯವರು ಮನೆಯಲ್ಲಿ ಪ್ರಾಣಬಿಟ್ಟದ್ದರಿಂದ, ಮರಣಕ್ಕೆ ಆ ರೋಗವೇ ಕಾರಣವೆಂಬ ಕಾಗದವಿರಲಿಲ್ಲ. ಕಾಗದವಿಲ್ಲದ್ದರಿಂದ ಸಹಾಯವೂ ಬರಲಿಲ್ಲ.

ನಮ್ಮ ಶಿಕ್ಷಕಿಯರೂ ಹಳೆಯ ವಿದ್ಯಾರ್ಥಿನಿಯರೂ ಕೂಡಿ ಒಂದು ಹೊಲಿಗೆಯ ಯಂತ್ರವನ್ನೂ 9,000 ರೂಪಾಯಿಯನ್ನೂ ಒದಗಿಸಿದರು. ಅದನ್ನು ಕೊಡುವಾಗ ನಾವು, “ಇದು ಹತ್ತು ಜನರು ದುಡಿದ ಹಣ, ಮಗಳೇ, ಒಂದು ಪೈಸೆಯೂ ವ್ಯರ್ಥವಾಗಬಾರದು” ಎಂದು ಬುದ್ಧಿ ಹೇಳಿದೆವು. ಒಂದು ಭಾವಚಿತ್ರವನ್ನೂ ತೆಗೆಯಿಸಿದೆವು.

ಅಕ್ಕತಂಗಿಯರಿಗೆ ನಮ್ಮ ವಸತಿಗೃಹದಲ್ಲಿಯೂ ತಮ್ಮನಿಗೆ ಬೇರೆ ಊರಿನ ಬಾಲಕರ ಗೃಹದಲ್ಲಿಯೂ ಸ್ಥಳ ಕೊಡಿಸುವೆವೆಂದು ಸಹ ಹೇಳಿದೆವು. 1876-78ರ ಮಹಾಕ್ಷಾಮದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದ ಮಿಶನ್ನುಗಳ ಸಂಪ್ರದಾಯದಲ್ಲಿ ಬೆಳೆದ ನಮಗೆ ಬೇರೆ ದಾರಿ ತೋಚುವಂತಿರಲಿಲ್ಲ. ಅವಳು ತಲೆ ತಗ್ಗಿಸಿ, “ಅವನ್ನ ಒಬ್ಬನ್ನ ಕಳಿಸಿ ನಾವಿಬ್ಬರು ಹ್ಯಾಂಗ ಉಣ್ಣೂದ್ರಿ, ಅಕ್ಕಾರ?” ಎಂದಳು. ನಮಗೆ ಅದು ಹಟವೆಂದು ತೋರಿತು. ಜುಲೈ 19 ಮತ್ತು 22ರಂದು, ಆ ವರುಷ ಎರಡೇ ದಿನ ನಡೆದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತು ಅವಳು ತೇರ್ಗಡೆಯಾದಳು. ಆ ಮೇಲೆ ಶಾಲೆಯ ಕೆಲಸದ ಗದ್ದಲದಲ್ಲಿ ನಾವು ಅವಳನ್ನು ಮರೆತೆವು. ಈ ಮಾತನ್ನು ಮೃದುಮಾಡಿ ಹೇಳುವದು ಸಲ್ಲದು.

2023ರ ಆಗಸ್ಟಿನಲ್ಲಿ ಕಪಾಟನ್ನು ಒಪ್ಪಮಾಡುವಾಗ ಆ ಭಾವಚಿತ್ರ ಕೈಗೆ ಬಂದಿತು. ಅಂದು ಸಂಜೆಯೇ ಅವಳ ಮನೆಗೆ ಹೋದೆವು. ಯಂತ್ರವು ಬಾಗಿಲ ಬೆಳಕಿಗೆ ಇತ್ತು. ಜಂಪರಿನ ತುಂಡುಗಳು ಅದರ ಮೇಲಿದ್ದವು. ತಂಗಿಯು ಮಗ್ಗಿ ಒಪ್ಪಿಸುತ್ತಿದ್ದಳು. ತಮ್ಮನು ನೀರು ತರಲು ಹೋಗಿದ್ದನು. ಅವಳು ಚಾಪೆ ಹಾಸಿ, ಚಹಕ್ಕೆ ಇಟ್ಟು, ಒಳಗಿನಿಂದ ಒಂದು ವಹಿಯನ್ನು ತಂದು ನಮ್ಮ ಮುಂದಿಟ್ಟಳು.

“ನೀವು ಬರ್ತೀರಂತ ಬರದ ಇಟ್ಟೇನ್ರಿ, ಅಕ್ಕಾರ. ಲೆಕ್ಕಾ ನೋಡ್ರಿ.”

9,000 ರೂಪಾಯಿಗೂ ಲೆಕ್ಕವಿತ್ತು: ಜೋಳ, ಎಣ್ಣೆ, ಬಾಡಿಗೆ, ತಂಗಿಯ ಜ್ವರದ ಔಷಧ. ಒಂದೆಡೆ ‘ತಮ್ಮಗ ಚೆಂಡು, 40’ ಎಂದು ಬರೆದು ಹೊಡೆದುಹಾಕಿದ್ದಳು. ಇದೇಕೆಂದು ಕೇಳಿದೆವು.

“ಅದು ಆಟದ್ದರಿ. ನಿಮ್ಮ ರೊಕ್ಕದಾಗ ಕೊಡಿಸಬಾರದಿತ್ತು. ಹೊಲಿಗಿ ರೊಕ್ಕ ಬಂದ ಮ್ಯಾಲೆ ತುಂಬೇನ್ರಿ.”

ನಮಗೆ ಬಾಯಿಂದ ಮಾತು ಹೊರಡಲಿಲ್ಲ. ತಾಯಿಯನ್ನು ಕಳಕೊಂಡ ಹುಡುಗನ ಕೈಗೊಂದು ಚೆಂಡು ಕೊಟ್ಟದ್ದನ್ನು ತಪ್ಪೆಂದು ತಿಳಿಯುವಂತೆ ಮಾಡಿದ್ದು ನಮ್ಮ ಬುದ್ಧಿವಾದವೇ. ಎರಡು ವರುಷ ಅವಳು ಲೆಕ್ಕ ಒಪ್ಪಿಸಲು ಕಾದಿದ್ದಳು, ಕೇಳಬೇಕಾದವರು ಬರಲಿಲ್ಲ.

ಏನು ಬೇಕೆಂದು ಕೇಳಿದಾಗ ಅವಳು ಹಣದ ಮಾತೆತ್ತಲಿಲ್ಲ. ತನಗೆ ಹದಿನೆಂಟು ತುಂಬಿದೆಯೆಂದೂ, ಪಡಿತರ ಚೀಟಿಯಲ್ಲಿ ಇನ್ನು ತಾನೇ ಯಜಮಾನಿಯೆಂದೂ ಹೆಮ್ಮೆಯಿಂದ ಹೇಳಿದಳು. 2013ರ ಆಹಾರ ಭದ್ರತಾ ಕಾನೂನು ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳಿಗೆ ಆ ಸ್ಥಾನವನ್ನು ಕೊಡುತ್ತದೆ. ಆ ಮೇಲೆ ಮೆಲ್ಲನೆ, “ತಮ್ಮನ ಸಾಲ್ಯಾಗ ಪಾಲಕರ ಸಭಾ ಐತ್ರಿ. ನನ್ನ ನೋಡಿ, ದೊಡ್ಡವರನ್ನ ಕರಕೊಂಡು ಬಾ ಅಂತಾರ. ನೀವೊಂದ್ಸಲ ಬರ್ತೀರೇನ್ರಿ?” ಎಂದಳು.

ನಾವು ಹೋದೆವು. ಅವಳನ್ನು ಮುಂದಿನ ಕುರ್ಚಿಯಲ್ಲಿ ಕುಳ್ಳಿರಿಸಿ ನಾವು ಪಕ್ಕದಲ್ಲಿ ಕುಳಿತೆವು. ಮಿಶನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಉಂಟೆಂದು ತಿಳಿದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಅವಳ ಜೊತೆಗೆ ನಡೆದೆವು. ಹಲವು ಸಲ ಅಲೆದ ಮೇಲೆ ತಮ್ಮ ತಂಗಿಯರಿಬ್ಬರಿಗೂ ಅದು ಮಂಜೂರಾಯಿತು. ಅಂದಿನಿಂದ ಪ್ರತಿ ತಿಂಗಳ ಮೊದಲನೆಯ ಶನಿವಾರ ಆ ಮನೆಗೆ ಹೋಗುವ ರೂಢಿಯನ್ನು ಇಟ್ಟುಕೊಂಡಿದ್ದೇವೆ.

ಆ ಭಾವಚಿತ್ರವನ್ನು ಈ ಸಂಚಿಕೆಗೆ ಕೊಟ್ಟಿಲ್ಲ. ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ: ನೀವು ಎಂದಾದರೂ ಯಾವ ಮನೆಗಾದರೂ ಏನನ್ನಾದರೂ ಕೊಟ್ಟಿದ್ದರೆ, ಒಮ್ಮೆ ತಿರುಗಿ ಹೋಗಿ ಅಲ್ಲಿ ಚಹ ಕುಡಿದು ಬನ್ನಿರಿ. ಹೋಗುವಾಗ ಮಕ್ಕಳಿಗೊಂದು ಚೆಂಡು ಒಯ್ಯಿರಿ.