ನಮ್ಮ ಆಯಮ್ಮನ ಪಟ

ನಮ್ಮ ಶಾಲೆಯಲ್ಲಿ ಓದಿದ ಸೋದರಿಯರೆಲ್ಲರಿಗೂ ಆ ಉದ್ದನೆಯ ಮೊಗಸಾಲೆಯ ನೆನಪು ಇದ್ದೇ ಇರುವುದು. ಒಂದು ಕಡೆಗೆ ತರಗತಿಗಳ ಬಾಗಿಲುಗಳು. ಇನ್ನೊಂದು ಕಡೆಯ ಗೋಡೆಯ ಮೇಲೆ, ಕರಿಯ ಮರದ ಚೌಕಟ್ಟುಗಳೊಳಗೆ, ಹಿಂದಿನ ಮುಖ್ಯೋಪಾಧ್ಯಾಯಿನಿಯರ ಭಾವಚಿತ್ರಗಳ ಸಾಲು. ಎಲ್ಲವೂ ಕಪ್ಪು ಬಿಳುಪಿನವು. ಗಂಟೆ ಹೊಡೆದ ಮೇಲೆ ಬಂದ ದಿವಸ ಆ ಕಣ್ಣುಗಳೆಲ್ಲ ನಮ್ಮನ್ನೇ ನೋಡುತ್ತಿರುವುವೆಂದು ಹೆದರಿ, ತಲೆ ತಗ್ಗಿಸಿಕೊಂಡು ಓಡುತ್ತಿದ್ದೆವಷ್ಟೆ. ಆ ಸಾಲಿನ ಕೊನೆಯಲ್ಲಿ ಈಚೆಗೆ ಇನ್ನೊಂದು ಪಟವು ಸೇರಿದೆ. ಅದು ಮುಖ್ಯೋಪಾಧ್ಯಾಯಿನಿಯೊಬ್ಬರದಲ್ಲ; ನಮ್ಮ ವಿದ್ಯಾರ್ಥಿನಿಯರ ನಿಲಯದ ಆಯಮ್ಮನದು. ಆ ಪಟವನ್ನು ಸಿದ್ಧಪಡಿಸುವ ಕೆಲಸವು ಹಳೆಯ ವಿದ್ಯಾರ್ಥಿನಿಯರಾದ ನಮ್ಮ ಮೂವರ ಪಾಲಿಗೆ ಬಂದಿದ್ದಿತು. ಅದರಲ್ಲಿ ನಾವು ಎಡವಿದುದನ್ನೂ ಕಲಿತುದನ್ನೂ ಬರೆದಿಟ್ಟರೆ, ಮನೆಯ ಹಿರಿಯರ ಚಿತ್ರಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಿರುವ ತಾಯಿತಂದೆಗಳಿಗೂ ಉಪಯೋಗವಾದೀತೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಆಯಮ್ಮನನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಬೆಳಗಿನ ಜಾವಕ್ಕೇ ಎದ್ದು ಹಂಡೆಯೊಲೆಗೆ ಬೆಂಕಿ ಹಾಕುವವರು ಅವರು. ಕಾಫಿ ತೋಟಗಳಿಂದ ಬಂದು ಮನೆಯ ನೆನಪಿನಿಂದ ಅಳುವ ಚಿಕ್ಕ ಹುಡುಗಿಯರ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ನಗಿಸುವವರೂ ಅವರೇ. ಒಂದು ಆಷಾಢದ ರಾತ್ರಿ, ಜ್ವರದಿಂದ ಎಚ್ಚರ ತಪ್ಪಿದ ಹುಡುಗಿಯೊಬ್ಬಳನ್ನು ಹೆಗಲ ಮೇಲೆ ಹೊತ್ತು ವೈದ್ಯರಲ್ಲಿಗೆ ಹೊರಟವರು, ಪಾಚಿ ಕಟ್ಟಿದ ಮೆಟ್ಟಿಲಿನ ಮೇಲೆ ಜಾರಿಬಿದ್ದರು. ಹಣೆ ಒಡೆಯಿತು, ಹುಡುಗಿಯನ್ನು ಮಾತ್ರ ಕೈ ಬಿಡಲಿಲ್ಲ. ಎಡಹುಬ್ಬಿನ ಮೇಲೆ ಆ ಗಾಯದ ಗುರುತು ಈಗಲೂ ಉಂಟು. ಆ ಹುಡುಗಿಯು ನಮ್ಮ ಮೂವರಲ್ಲಿ ಒಬ್ಬಳು.

ಅವರ ಭಾವಚಿತ್ರವನ್ನೂ ಆ ಗೋಡೆಯ ಮೇಲೆ ಇಡತಕ್ಕುದೆಂದು ಹಳೆಯ ವಿದ್ಯಾರ್ಥಿನಿಯರೆಲ್ಲ ಒಮ್ಮತದಿಂದ ನಿಶ್ಚಯಿಸಿದರು. ಆದರೆ ಹುಡುಕಿದರೆ ಒಂದು ಚಿತ್ರವೂ ಸಿಕ್ಕದು! ಕೊನೆಗೆ ಒಂದು ಗುಂಪುಚಿತ್ರ ದೊರೆಯಿತು. ಬಿಳಿಯ ಸಮವಸ್ತ್ರದ ಹುಡುಗಿಯರು ನಡುವೆ. ಅಂಚಿನಲ್ಲಿ ಅಡಿಗೆಯವರೊಡನೆ ಆಯಮ್ಮ. ಹುಡುಗಿಯರ ಲಂಗದ ನೆರಿಗೆಗಳು ಸಹ ಎಣಿಸುವಷ್ಟು ಸ್ಪಷ್ಟವಾಗಿದ್ದುವು; ಆಯಮ್ಮನ ಮುಖವಿರಬೇಕಾದ ಸ್ಥಳದಲ್ಲಿ ಒಂದು ಕರಿಯ ಕಲೆ ಮಾತ್ರ ಇದ್ದಿತು. ಕಾರಣವು ಸುಲಭವಾದುದು. ಬಿಳಿಯ ಬಟ್ಟೆಯು ಸುಟ್ಟುಹೋಗದಂತೆ ಬೆಳಕನ್ನು ಅಳೆದರೆ, ಕಪ್ಪು ಮೈಬಣ್ಣದವರ ಮುಖಕ್ಕೆ ಸಾಕಷ್ಟು ಬೆಳಕು ದಕ್ಕುವುದಿಲ್ಲ. ಇನ್ನೂ ಹಿಂದಿನ ಕಾಲದ ಫೋಟೋ ಫಲಕಗಳಾದರೋ ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲವಾಗಿ, ಅವುಗಳಲ್ಲಿ ಕಂದು ಬಣ್ಣದ ಮುಖವು ಇದ್ದುದಕ್ಕಿಂತಲೂ ಕಪ್ಪಾಗಿ ಮೂಡುತ್ತಿದ್ದಿತು. ಚಿತ್ರ ತೆಗೆದವನು ಬೇಕೆಂದು ಮಾಡಿದುದಲ್ಲ. ಆದರೂ ಅಂಚಿನಲ್ಲಿ ನಿಂತವರಿಗೆ ಮುಖವಿಲ್ಲದೆ ಹೋಯಿತು.

ಆದಕಾರಣ 2023ನೆಯ ಇಸವಿಯ ಜನವರಿಯಲ್ಲಿ ನಾವು ಮೂವರೂ ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆಗೆ ಹೊರಟೆವು. ಆಯಮ್ಮ ಈಗ ಅಲ್ಲಿ ಮಗನ ಮನೆಯಲ್ಲಿರುವರು. ಅದು ಕಾಫಿ ಕೊಯ್ಲಿನ ಕಾಲ. ಮನೆಯ ಮುಂದಿನ ಕಣದಲ್ಲಿ ಹಣ್ಣು ಹರಡಿದ್ದಿತು. ಆಯಮ್ಮನನ್ನು ಬಿಸಿಲಿಗೆ ಕೂರಿಸದೆ, ಜಗಲಿಯ ನೆರಳಿನಲ್ಲಿ ಕಣದ ಕಡೆಗೆ ಮುಖಮಾಡಿ ಕೂರಿಸಿದೆವು. ಅಂಗಳದ ಬೆಳಕು ಹಾರಿಬಂದು ಅವರ ಮುಖದ ಮೇಲೆ ಮೃದುವಾಗಿ ಬೀಳುತ್ತಿದ್ದಿತು. ನಮ್ಮಲ್ಲೊಬ್ಬಳ ಡಿಜಿಟಲ್ ಕ್ಯಾಮೆರಾದಿಂದ ಹತ್ತಾರು ಚಿತ್ರಗಳನ್ನು ತೆಗೆದೆವು. ಸಾಮಾನ್ಯವಾದ ಫೈಲಿನ ಜೊತೆಗೆ, ಕ್ಯಾಮೆರಾ ತಾನು ಕಂಡುದನ್ನೆಲ್ಲ ತಿದ್ದದೆ ಇಟ್ಟುಕೊಳ್ಳುವ ರಾ ಫೈಲನ್ನೂ ಉಳಿಸಿಕೊಂಡೆವು. ಇದೊಂದು ಬುದ್ಧಿಯ ಕೆಲಸವಾಯಿತೆಂದು ಆಮೇಲೆ ತಿಳಿಯಿತು.

ಬಣ್ಣದ ಚಿತ್ರವನ್ನೇ ಹಾಕಬಾರದೇಕೆಂದು ಕೇಳಿದವರುಂಟು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ತೋಟದ ಸುತ್ತಿನ ಹಕ್ಕಿಗಳ ಚಿತ್ರಗಳನ್ನು ತೆಗೆದಿರುವರು. ಹಕ್ಕಿಗೆ ಬಣ್ಣವೇ ಗುರುತು. ಮನುಷ್ಯರ ಮುಖಕ್ಕೆ ಹಾಗಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಸಾಮಾನ್ಯ ಜನರ ಮುಖಗಳು ಎಷ್ಟು ಘನತೆಯಿಂದ ಕಾಣುವುವೆಂಬುದನ್ನು ನೋಡಿದವರು ಬಲ್ಲರು. ಅದಲ್ಲದೆ ಆ ಸಾಲಿನಲ್ಲಿ ಆಯಮ್ಮನ ಪಟವೊಂದೇ ಬೇರೆ ರೀತಿಯದಾಗಿದ್ದರೆ, ಇಲ್ಲಿಯೂ ಅವರನ್ನು ಅಂಚಿನಲ್ಲಿ ನಿಲ್ಲಿಸಿದಂತೆಯೇ ಆಗುತ್ತಿದ್ದಿತು.

ಚಿತ್ರವನ್ನು ಆರಿಸಿ, ವಾಟ್ಸ್‌ಆ್ಯಪ್ ಮೂಲಕ ಪಟ್ಟಣದ ಒಂದು ಅಂಗಡಿಗೆ ಕಳುಹಿಸಿ, ಕಪ್ಪು ಬಿಳುಪಿನಲ್ಲಿ ದೊಡ್ಡದಾಗಿ ಮಾಡಿಕೊಡಿರೆಂದೆವು. ಎರಡು ದಿನಗಳಲ್ಲಿ ಪಟ ಬಂದಿತು. ಕೊಳವೆ ದೀಪದಡಿಯಲ್ಲಿ ಅದರ ಬೂದುಬಣ್ಣವೆಲ್ಲ ಹಸುರಿಗೆ ತಿರುಗಿದಂತೆ ಕಂಡಿತು; ಕೂದಲು ಕಲಸಿಕೊಂಡಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ಮುಖವು ಬಿಳಿಚಿಕೊಂಡು, ಸುಕ್ಕುಗಳೆಲ್ಲ ಮಾಯವಾಗಿ, ಮೇಣದ ಬೊಂಬೆಯ ಹಾಗೆ ಆಗಿದ್ದಿತು. ಹುಬ್ಬಿನ ಮೇಲಣ ಗುರುತು ಇರಲಿಲ್ಲ. ಕೇಳಿದರೆ, "ಸ್ವಲ್ಪ ಬೆಳ್ಳಗೆ ಮಾಡಿದ್ದೇವೆ ಮೇಡಂ, ಅದಕ್ಕೆ ಬೇರೆ ದುಡ್ಡಿಲ್ಲ" ಎಂದು ಸಂತೋಷದಿಂದಲೇ ಹೇಳಿದರು.

ನಾವು ಅವಿವೇಕದಿಂದ ಅದನ್ನೇ ಆಯಮ್ಮನಿಗೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. "ಇದು ಯಾರು ಮಗಾ?" ಎಂದರು. ನೀವೇ ಆಯಮ್ಮ ಎಂದೆವು. "ನನ್ನ ತಂಗಿ ಒಬ್ಬಳು ಹಿಂಗೆ ಬೆಳ್ಳಗಿದ್ದಳು, ಅವಳೋ ಅಂದುಕೊಂಡೆ" ಎಂದು, ನಮ್ಮ ಮುಖಗಳನ್ನು ನೋಡಿ, "ಇರಲಿ ಬಿಡಿ ಮಕ್ಕಳೇ, ಚೆಂದಾಗೇ ಬಂದಿದೆ" ಎಂದು ಸಮಾಧಾನ ಹೇಳಿದರು. ಮೊದಲಿನ ಗುಂಪುಚಿತ್ರದಲ್ಲಿ ಅವರ ಮುಖವನ್ನು ಕತ್ತಲೆ ನುಂಗಿದ್ದಿತು; ಈಗ ಬೆಳ್ಳಗೆ ಮಾಡುವ ಉಪಚಾರವು ನುಂಗಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ನಾವು ಯಾರೂ ಮಾತನಾಡಲಿಲ್ಲ.

ಅನಂತರ ಬೆಂಗಳೂರಿನಲ್ಲಿ ಕಪ್ಪು ಬಿಳುಪಿನ ಮುದ್ರಣವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಹಿರಿಯರೊಬ್ಬರನ್ನು ಕಂಡೆವು. ಅವರು ಮೊದಲು ನಮ್ಮ ತಪ್ಪುಗಳನ್ನೇ ಎಣಿಸಿದರು. ಒಳ್ಳೆಯ ಪಟಕ್ಕೆ ಒಂದಂಗುಲಕ್ಕೆ ಸುಮಾರು 300 ಪಿಕ್ಸೆಲ್‌ಗಳು, ಅಂದರೆ ಚಿತ್ರದ ಬಿಂದುಗಳು, ಇರಬೇಕು. ನಮ್ಮ ಚೌಕಟ್ಟು 12 ಅಂಗುಲ ಅಗಲ, 16 ಅಂಗುಲ ಎತ್ತರ. ಆ ಲೆಕ್ಕದಿಂದ 3600ಕ್ಕೆ 4800 ಬಿಂದುಗಳು ಬೇಕು. ನಮ್ಮ ಕ್ಯಾಮೆರಾ 4000ಕ್ಕೆ 6000 ಬಿಂದುಗಳನ್ನು ಕೊಟ್ಟಿದ್ದಿತು. ಆದರೆ ವಾಟ್ಸ್‌ಆ್ಯಪಿನಲ್ಲಿ ಹೋದ ಪ್ರತಿಯು ಕುಗ್ಗಿ, ಅದರ ಉದ್ದವು 1600 ಬಿಂದುಗಳಿಗೆ ಇಳಿದಿದ್ದಿತು. ಅಂಗುಲಕ್ಕೆ ನೂರೇ ಉಳಿದ ಮೇಲೆ ಕೂದಲು ಕಲಸಿಹೋಗದೆ ಏನಾದೀತು? ಎರಡನೆಯದಾಗಿ, ಅಂಗಡಿಯ ಯಂತ್ರವು ಬಣ್ಣದ ಚಿತ್ರಗಳಿಗಾಗಿ ಇದ್ದುದು. ಅದು ಮೂರು ಬಣ್ಣಗಳನ್ನು ಬೆರಸಿ ಬೂದುಬಣ್ಣವನ್ನು ಹುಟ್ಟಿಸುವುದು. ಒಂದು ಬಣ್ಣವು ತುಸು ಹೆಚ್ಚಾದರೂ ಬೂದು ಹಸುರಿಗೋ ಕೆಂಪಿಗೋ ತಿರುಗುವುದು. ಮೂರನೆಯ ತಪ್ಪನ್ನು ಅವರು ಹೇಳಬೇಕಾಗಿರಲಿಲ್ಲ.

ತರುವಾಯ ಅವರು ರಾ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ನಮಗೊಂದು ವಿಚಿತ್ರವನ್ನು ತೋರಿಸಿದರು. ಡಿಜಿಟಲ್ ಚಿತ್ರದಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಪದರಗಳುಂಟು. ಕಪ್ಪು ಬಿಳುಪಿಗೆ ತಿರುಗಿಸುವುದೆಂದರೆ ಇವುಗಳನ್ನು ಬೇಕಾದ ಪ್ರಮಾಣದಲ್ಲಿ ಕೂಡಿಸುವುದು. ಕೆಂಪು ಪದರವೊಂದನ್ನೇ ನೋಡಿದರೆ ಆಯಮ್ಮನ ಮುಖವು ತಿಳಿಯಾಗಿ, ಗುರುತುಗಳೆಲ್ಲ ಅಳಿಸಿದಂತಿದ್ದುವು. ನೀಲಿ ಪದರದಲ್ಲಿ ಮುಖವು ಇದ್ದಿಲಿನಂತೆ ಕಪ್ಪಾಗಿ, ಒಂದೊಂದು ಸುಕ್ಕೂ ಗೀರಿದಂತೆ ತೋರುತ್ತಿದ್ದಿತು. ಹಸುರು ಪದರದಲ್ಲಿ ನಮ್ಮ ಆಯಮ್ಮ ಇದ್ದರು. ಆದುದರಿಂದ ಹಸುರನ್ನೇ ಮುಖ್ಯವಾಗಿಟ್ಟು, ಕೆಂಪನ್ನು ಕೊಂಚ ಸೇರಿಸಿದರು. ಅದೇ ಚಿತ್ರ, ಅದೇ ಮುಖ. ಬೆರಕೆ ಬದಲಾದರೆ ಮನುಷ್ಯರೇ ಬದಲಾಗುವರು!

ಅವರ ಬಿಳಿಯ ಕೂದಲನ್ನು ಕಳೆದುಕೊಳ್ಳದೆ ಕಪ್ಪು ಕೆನ್ನೆಯ ವಿವರಗಳನ್ನು ತೆರೆಯುವುದು ಮುಂದಿನ ಕೆಲಸವಾಗಿದ್ದಿತು. ಸಾಮಾನ್ಯ ಫೈಲಿನಲ್ಲಿ ಕಪ್ಪಿನಿಂದ ಬಿಳುಪಿಗೆ 256 ಮೆಟ್ಟಿಲುಗಳೇ ಇರುವುವು. ನೆರಳಿನ ಭಾಗವನ್ನು ಎಳೆದರೆ ಮೆಟ್ಟಿಲುಗಳು ಒಡೆದು ಪಟ್ಟೆಪಟ್ಟೆಯಾಗಿ ಕಾಣುವುವು. ರಾ ಫೈಲಿನಲ್ಲಿ ಮೆಟ್ಟಿಲುಗಳು ಸಾವಿರಗಟ್ಟಲೆ ಇರುವುದರಿಂದ ಆ ಭಯವು ಕಡಿಮೆ. ಆ ಹಿರಿಯರು ಮುಖದ ಒಟ್ಟು ಬಣ್ಣವನ್ನು ಮುಟ್ಟದೆ, ಕೆನ್ನೆಯ ಎಲುಬು, ಮೂಗಿನ ಬದಿ, ಹುಬ್ಬಿನ ಮೇಲುಗಡೆ, ಇವುಗಳ ನಡುವಣ ಅಂತರವನ್ನು ಮಾತ್ರ ಹೆಚ್ಚಿಸಿದರು. ಬೆಳ್ಳಗೆ ಮಾಡುವುದು ಬೇರೆ, ಬೆಳಕು ಕೊಡುವುದು ಬೇರೆ ಎಂಬುದು ಆಗ ನಮಗೆ ತಿಳಿಯಿತು.

ಕಂಪ್ಯೂಟರಿನ ಪರದೆಯು ತಾನೇ ಬೆಳಗುವುದು, ಕಾಗದವಾದರೋ ಬಿದ್ದ ಬೆಳಕನ್ನು ಹಿಂದಿರುಗಿಸುವುದು ಮಾತ್ರ. ಆದುದರಿಂದ ಪರದೆಯ ಪ್ರಕಾಶವನ್ನು ತಗ್ಗಿಸಿಕೊಳ್ಳದೆ ಕೆಲಸ ಮಾಡಿದರೆ ಪಟವು ಯಾವಾಗಲೂ ಕಪ್ಪಾಗಿಯೇ ಬರುವುದೆಂದು ಅವರು ಎಚ್ಚರಿಸಿದರು. ಹಣವನ್ನು ಉಳಿಸುವುದಕ್ಕಾಗಿ ಇಡೀ ಪಟವನ್ನು ಮುದ್ರಿಸದೆ, ಕಣ್ಣು ಹುಬ್ಬುಗಳಿರುವ ಭಾಗವನ್ನು ಮಾತ್ರ ಅಂಗೈಯಗಲದ ಐದು ತುಂಡುಗಳಾಗಿ, ಒಂದಕ್ಕಿಂತ ಒಂದನ್ನು ಸ್ವಲ್ಪ ತಿಳಿಯಾಗಿ ಮುದ್ರಿಸಿ, ಒಂದು ರಾತ್ರಿ ಒಣಗಿಸಿ ಕೊಟ್ಟರು. ಅವುಗಳನ್ನು ನಾವು ಶಾಲೆಗೆ ತಂದು, ಪಟವು ತೂಗಬೇಕಾದ ಗೋಡೆಗೇ ಹಿಡಿದು, ಬೆಳಿಗ್ಗೆಯೂ ಸಂಜೆಯೂ ನೋಡಿದೆವು. ಮೊಗಸಾಲೆಯ ಮಂದ ಬೆಳಕಿಗೆ ನಾಲ್ಕನೆಯ ತುಂಡು ಒಪ್ಪಿತು. ಅಂಗಡಿಯ ದೀಪದಡಿಯಲ್ಲಿ ನಾವು ಎರಡನೆಯದನ್ನು ಮೆಚ್ಚಿದ್ದೆವು!

ಮಸಿ ಮತ್ತು ಕಾಗದದ ವಿಷಯವೂ ಅಲ್ಪವಾದುದಲ್ಲ. ಅವರ ಯಂತ್ರದಲ್ಲಿ ಕಪ್ಪಿನ ಜೊತೆಗೆ ತಿಳಿಬೂದು, ಅದಕ್ಕಿಂತಲೂ ತಿಳಿಯಾದ ಬೂದು ಎಂಬ ಬೇರೆ ಬೇರೆ ಮಸಿಗಳಿದ್ದುವು; ಹೀಗಾಗಿ ಬಣ್ಣಗಳ ಬೆರಕೆಯನ್ನು ಹೆಚ್ಚಾಗಿ ನಂಬಬೇಕಾಗಿಲ್ಲ. ಕಪ್ಪು ಮಸಿಯಲ್ಲಿರುವುದು ಇಂಗಾಲದ ಕಣಗಳು. ಕಾಡಿಗೆಯಂತೆ ಅದು ಬೇಗನೆ ಮಾಸದು. ಹೊಳಪಿಲ್ಲದ ಹತ್ತಿಯ ಕಾಗದವು ಕೈಗೆ ಹಿತವಾಗಿದ್ದರೂ, ಅದರ ಮೇಲಣ ಅತ್ಯಂತ ಕಪ್ಪು ಸಹ ಬಿದ್ದ ಬೆಳಕಿನ ನೂರರಲ್ಲಿ ಸುಮಾರು ಎರಡು ಪಾಲನ್ನು ಹಿಂದಿರುಗಿಸುವುದು. ಹಳೆಯ ಫೋಟೋ ಕಾಗದದಂತೆ ಬೇರಿಯಂ ಲೇಪವಿರುವ ಬೆರೈಟಾ ಕಾಗದದಲ್ಲಿ ಅದು ಅರ್ಧ ಪಾಲಿಗೆ ಇಳಿಯುವುದು. ಕಪ್ಪು ಆಳವಾದಷ್ಟೂ ಅದಕ್ಕಿಂತ ತುಸುವೇ ತಿಳಿಯಾದ ಛಾಯೆಗಳಿಗೆ ಸ್ಥಳ ದೊರೆಯುವುದು. ಕಪ್ಪು ಮುಖದ ಜೀವವೆಲ್ಲ ಆ ಛಾಯೆಗಳಲ್ಲಿಯೇ ಇರುವುದರಿಂದ ನಾವು ಎರಡನೆಯದನ್ನೇ ಆರಿಸಿದೆವು.

ಚೌಕಟ್ಟಿನ ವಿಷಯದಲ್ಲಿ ಮಲೆನಾಡಿನವರು ಒಂದು ಮಾತನ್ನು ನೆನಪಿಡಬೇಕು. ನಮ್ಮ ಮಳೆಗಾಲದ ತೇವದಲ್ಲಿ ಗಾಜಿಗೆ ತಗುಲಿದ ಪಟವು ಅದಕ್ಕೇ ಅಂಟಿಕೊಳ್ಳುವುದು, ಬೂಷ್ಟೂ ಹಿಡಿಯುವುದು. ಆದುದರಿಂದ ಪಟಕ್ಕೂ ಗಾಜಿಗೂ ನಡುವೆ ಆಮ್ಲವಿಲ್ಲದ ದಪ್ಪ ರಟ್ಟಿನ ಅಂಚನ್ನು ಕೊಡಿಸಿ, ಚೌಕಟ್ಟಿನ ಹಿಂದುಗಡೆ ಗೋಡೆಗೆ ತಾಗದಂತೆ ಸಣ್ಣ ಮರದ ತುಂಡುಗಳನ್ನು ಹಚ್ಚಿಸಿದೆವು. ಹಿಂದೆ ಗಾಳಿಯಾಡಿದರೆ ಗೋಡೆಯ ತೇವವು ಪಟಕ್ಕೆ ಏರದು.

ಪಟವನ್ನು ತೂಗಹಾಕಿದ ದಿನ ಆಯಮ್ಮನನ್ನು ವಸ್ತಾರೆಯಿಂದ ಕರೆತಂದೆವು. ಅವರು ಸೆರಗಿನಿಂದ ಕನ್ನಡಕವನ್ನು ಒರಸಿಕೊಂಡು ಹತ್ತಿರಕ್ಕೆ ಬಂದು ನೋಡಿದರು. ಈ ಸಲ ಯಾರೆಂದು ಕೇಳಲಿಲ್ಲ. ತಮ್ಮ ಎಡಹುಬ್ಬನ್ನು ಒಮ್ಮೆ ಮುಟ್ಟಿಕೊಂಡು, ನಮ್ಮಲ್ಲಿ ಅಂದು ಜ್ವರದಲ್ಲಿದ್ದವಳ ಕಡೆಗೆ ತಿರುಗಿ, "ಎಷ್ಟು ಭಾರ ಇದ್ದೆ ಮಗಾ ನೀನು!" ಎಂದರು. ಮೊಗಸಾಲೆಯಲ್ಲಿ ನೆರೆದವರೆಲ್ಲರೂ ನಕ್ಕರು. ಅವಳೊಬ್ಬಳು ನಗಲಾರದೆ ಹೋದಳು.

ಪ್ರಿಯ ಸೋದರಿಯರೇ, ನಿಮ್ಮ ಮನೆಗಳಲ್ಲಿಯೂ ಇಂಥ ಮುಖಗಳಿರುವುವು. ಅವರ ಚಿತ್ರಗಳ ಮೂಲ ಫೈಲುಗಳನ್ನು ಕುಗ್ಗಿಸದೆ ಎರಡು ಕಡೆ ಉಳಿಸಿಡಿರಿ. ಒಂದನ್ನಾದರೂ ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡಿಸಿರಿ. ಮುದ್ರಿಸುವವರಿಗೆ, ಇದ್ದುದು ಇದ್ದಂತೆಯೇ ಇರಲೆಂದು ಮೊದಲೇ ಹೇಳಿರಿ. ಆ ಹಿರಿಯರು ಇನ್ನೂ ಜಗಲಿಯಲ್ಲಿ ಕುಳಿತಿರುವಾಗಲೇ ಈ ಕೆಲಸವನ್ನು ಮಾಡಬೇಕೆಂದು ನಿಮ್ಮೆಲ್ಲರಲ್ಲಿ ನಮ್ಮ ಬಿನ್ನಹ.